ಮೂರು ಕೊಟೇಶನ್, ಒಂದು ಅಡುಗೆಮನೆ: ಯಾರಿಗೆ ಕೊಡೋದು?

ಪ್ರಶ್ನೆ: ಶಿವಮೊಗ್ಗದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರಿಂಗ್ ಮುಗಿದಿದೆ, ಟೈಲ್ಸ್ ಇನ್ನೂ ಹಾಕಿಲ್ಲ. ಅಡುಗೆಮನೆ 10 ಅಡಿ, 9 ಅಡಿ ಇದೆ, ಎಲ್ ಆಕಾರದ ಕಟ್ಟೆ ಬರುತ್ತದೆ. ಮಾಡ್ಯುಲರ್ ಕ್ಯಾಬಿನೆಟ್ ಮಾಡಿಸೋಕೆ ಮೂರು ಕಡೆ ರೇಟ್ ಕೇಳಿದೆವು. ನಮ್ಮ ಕಿಟಕಿ, ಬಾಗಿಲು ಮಾಡಿದ ಆಚಾರ್ರು ಸಾಮಾನು, ಕೂಲಿ ಸೇರಿ 1.9 ಲಕ್ಷ ಅಂತಾರೆ. ಊರಲ್ಲೇ ಮೆಷಿನ್ ಇಟ್ಟುಕೊಂಡಿರುವ ಒಂದು ವರ್ಕ್‌ಶಾಪ್‌ನವರು 2.8 ಲಕ್ಷ ಹೇಳಿದ್ದಾರೆ. ಬೆಂಗಳೂರಿನ ಒಂದು ದೊಡ್ಡ ಕಂಪನಿ 4.3 ಲಕ್ಷ ಹೇಳಿ 10 ವರ್ಷ ವಾರಂಟಿ ಕೊಡುತ್ತದೆ. ಈ ತಿಂಗಳೊಳಗೆ ಅಡ್ವಾನ್ಸ್ ಕಟ್ಟಿದರೆ 40 ಸಾವಿರ ಕಡಿಮೆಯಂತೆ. ನಮ್ಮ ಮನೆಯವರಿಗೆ ಕಂಪನಿಯೇ ಬೇಕು. ಅತ್ತೆ ಮಾತ್ರ ‘ಕಲ್ಲಿನ ಕಟ್ಟೆ ಕಟ್ಟಿಸಿ, ಇದೆಲ್ಲ ಎರಡು ಮಳೆಗಾಲಕ್ಕೆ ಉಬ್ಬಿಹೋಗುತ್ತೆ’ ಅಂತಾರೆ. ನಮ್ಮ ಸಂಬಂಧಿಕರೊಬ್ಬರು ಇಂಥದೇ ಕೆಲಸಕ್ಕೆ ಒಂದು ಅಂಗಡಿಗೆ ಅರ್ಧ ದುಡ್ಡು ಕೊಟ್ಟ ಮೇಲೆ ಆ ಅಂಗಡಿಯೇ ಮುಚ್ಚಿಹೋಯಿತು. ಅದನ್ನು ನೋಡಿ ನನಗೆ ಹೆದರಿಕೆ. ಯಾರನ್ನು ನಂಬೋದು? ಇನ್ನೊಂದು, ಸಿಲಿಂಡರನ್ನು ಕಟ್ಟೆ ಕೆಳಗಿನ ಕ್ಯಾಬಿನೆಟ್‌ನಲ್ಲಿ ಇಡಬಹುದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಹೆದರಿಕೆ ಸೇರಿಕೊಂಡಿವೆ. ಮಲೆನಾಡಿನ ತೇವಕ್ಕೆ ಸಾಮಾನು ಹಾಳಾದರೆ ಏನು ಗತಿ ಅನ್ನೋದು ಒಂದು. ದುಡ್ಡು ಇಸ್ಕೊಂಡವರು ಕೈಕೊಟ್ಟರೆ ಅನ್ನೋದು ಇನ್ನೊಂದು. ಎರಡೂ ನ್ಯಾಯವಾದ ಹೆದರಿಕೆಯೇ. ಆದರೆ ದುಬಾರಿ ಕಡೆ ಹೋದರೆ ಎರಡೂ ತಪ್ಪುತ್ತವೆ ಅನ್ನೋದು ನಿಜವಲ್ಲ. ಗುರುತಿನ ಆಚಾರ್ರಿಗೆ ಕೊಟ್ಟರೆ ತಪ್ಪುತ್ತವೆ ಅನ್ನೋದೂ ನಿಜವಲ್ಲ.

ಮೊದಲು ಒಂದು ಮಾತು. ನಿಮ್ಮ ಕೈಯಲ್ಲಿರುವ ಮೂರು ಕೊಟೇಶನ್‌ಗಳನ್ನು ಈಗ ಹೋಲಿಸೋಕೆ ಆಗೋದಿಲ್ಲ. 1.9, 2.8, 4.3 ಅನ್ನೋ ಮೂರು ಅಂಕಿಗಳು ಮೂರು ಬೇರೆ ಬೇರೆ ವಸ್ತುಗಳ ಬೆಲೆ. ಯಾಕೆ ಅಂತ ಒಂದೇ ಒಂದು ಬಾಕ್ಸ್ ಇಟ್ಟುಕೊಂಡು ನೋಡೋಣ.

ಕಟ್ಟೆ ಕೆಳಗಿನ ಒಂದು ಬಾಕ್ಸ್ 2 ಅಡಿ ಅಗಲ, 2.5 ಅಡಿ ಎತ್ತರ, 2 ಅಡಿ ಆಳ ಇದೆ ಅಂದುಕೊಳ್ಳಿ. ಎದುರಿನಿಂದ ಅಳೆದರೆ 5 ಚದರಡಿ. ಆದರೆ ಒಳಗೆ ಬಳಸಿದ ಹಲಗೆಯನ್ನೆಲ್ಲ ಅಳೆದರೆ ಲೆಕ್ಕ ಬೇರೆ. ಎರಡು ಪಕ್ಕ ಸೇರಿ 10, ತಳ 4, ನಡುವಿನ ಶೆಲ್ಫ್ 4, ಹಿಂಬದಿ 5, ಮುಂದಿನ ಶಟರ್, ಅಂದರೆ ಬಾಗಿಲು, 5. ಒಟ್ಟು 28 ಚದರಡಿ. ಒಬ್ಬರು ‘ಚದರಡಿಗೆ 1,800’ ಅಂತ ಎದುರಿನ ಅಳತೆಗೆ ಹೇಳುತ್ತಾರೆ. ಆ ಬಾಕ್ಸ್‌ಗೆ 9,000 ಆಯಿತು. ಇನ್ನೊಬ್ಬರು ‘ಬರೀ 450’ ಅಂತ ಹಲಗೆಯ ಅಳತೆಗೆ ಹೇಳುತ್ತಾರೆ. ಅದೇ ಬಾಕ್ಸ್‌ಗೆ 12,600 ಆಯಿತು. ಕಡಿಮೆ ಅನ್ನಿಸಿದ ರೇಟೇ ಜಾಸ್ತಿ ದುಡ್ಡು ಕೇಳುತ್ತದೆ. ಆದ್ದರಿಂದ ಚದರಡಿ ರೇಟ್ ಬಿಟ್ಟುಬಿಡಿ. ಬಾಕ್ಸ್ ಬಾಕ್ಸಿಗೆ ಬೆಲೆ ಬರೆದುಕೊಡಿ ಅಂತ ಮೂವರನ್ನೂ ಕೇಳಿ.

ಬೆಲೆಯ ಜೊತೆಗೆ ಪ್ರತಿ ಬಾಕ್ಸ್‌ಗೂ ಇಷ್ಟು ಬರೆದಿರಬೇಕು: ಯಾವ ಹಲಗೆ, ಯಾವ ಕಂಪನಿಯದ್ದು, ಎಷ್ಟು ಎಂಎಂ. ಹಿಂಬದಿಯ ಹಲಗೆ ಎಷ್ಟು ಎಂಎಂ. ಹೊರಗೆ ಅಂಟಿಸುವ ಹಾಳೆ ಲ್ಯಾಮಿನೇಟಾ, ಅಕ್ರಿಲಿಕ್ಕಾ. ಒಳಗೆ ಏನು. ಹಿಂಜ್, ಚಾನೆಲ್ (ಡ್ರಾಯರ್ ಜಾರುವ ಪಟ್ಟಿ) ಯಾವ ಕಂಪನಿಯದ್ದು, ಯಾವ ಮಾಡೆಲ್. ಬಾಸ್ಕೆಟ್ ಎಷ್ಟು, ಯಾವ ಸ್ಟೀಲ್. ಕೊನೆಗೆ ಸಾಗಾಣಿಕೆ, ಫಿಟ್ಟಿಂಗ್, ಲಾಫ್ಟ್, ಶೇ. 18ರ ಜಿಎಸ್‌ಟಿ ಸೇರಿದೆಯಾ, ಇಲ್ಲವಾ. ‘ಹೆಟ್ಟಿಚ್ ಹಿಂಜ್’ ಅಂತ ಬರೆದರೆ ಸಾಲದು. ಅದೇ ಕಂಪನಿಯಲ್ಲಿ ಸಾಧಾರಣದ್ದೂ ಇದೆ, ಮೆತ್ತಗೆ ಮುಚ್ಚಿಕೊಳ್ಳುವ ದುಬಾರಿಯದ್ದೂ ಇದೆ. ಇಷ್ಟನ್ನು ಬರೆದುಕೊಡೋಕೆ ಯಾರು ಹಿಂದೆಮುಂದೆ ನೋಡುತ್ತಾರೋ ಅವರನ್ನು ಅಲ್ಲೇ ಕೈಬಿಡಿ. ಅವರು ಕಂಪನಿಯವರೇ ಆಗಿರಲಿ, ಆಚಾರ್ರೇ ಆಗಿರಲಿ.

ಇನ್ನು ನಿಮ್ಮ ಅತ್ತೆಯ ಮಾತಿಗೆ ಬರೋಣ. ಅವರು ಸುಮ್ನೆ ಹೇಳುತ್ತಿಲ್ಲ. ಎಲ್ಲೋ ಉಬ್ಬಿದ ಕ್ಯಾಬಿನೆಟ್ ನೋಡಿಯೇ ಹೇಳುತ್ತಿರಬೇಕು. ಆದರೆ ಉಬ್ಬಿಸೋದು ಮಳೆಗಾಲದ ಗಾಳಿ ಅಲ್ಲ, ಸಿಂಕಿನ ನೀರು. ನಾನು ರಿಪೇರಿಗೆ ಅಂತ ಹೋದ ಮನೆಗಳಲ್ಲಿ ಹೆಚ್ಚಿನ ಕಡೆ ಮೇಲಿನ ಕ್ಯಾಬಿನೆಟ್‌ಗಳು ಗಟ್ಟಿಮುಟ್ಟಾಗಿರುತ್ತವೆ. ಸಿಂಕ್ ಕೆಳಗಿನ ಬಾಕ್ಸ್ ಮಾತ್ರ ಕೊಳೆತಿರುತ್ತದೆ. ಬಗ್ಗಿ ನೋಡಿದರೆ ಕಾರಣ ಕಾಣುತ್ತದೆ. ಪೈಪ್ ಹೋಗಲಿ ಅಂತ ಫಿಟ್ಟಿಂಗ್ ದಿನ ಹಲಗೆಯಲ್ಲಿ ದುಂಡಗೆ ತೂತು ಕೊರೆದಿರುತ್ತಾರೆ. ಆ ತೂತಿನ ಅಂಚು ಏನೂ ಬಳಿಯದೆ ಹಾಗೇ ಉಳಿದಿರುತ್ತದೆ. ಮೇಲೆ, ಕೆಳಗೆ ಎಲ್ಲ ಕಡೆ ಲ್ಯಾಮಿನೇಟ್ ಇದೆ, ಕೊರೆದ ಜಾಗದಲ್ಲಿ ಮಾತ್ರ ಬರಿ ಮರ. ಪೈಪಿನ ಜಾಯಿಂಟಿನಿಂದ ದಿನಕ್ಕೆ ನಾಲ್ಕು ಹನಿ ಬಿದ್ದರೂ ಸಾಕು, ನೀರು ಅಲ್ಲಿಂದ ಒಳಗೆ ಸೇರುತ್ತದೆ. ಅದಕ್ಕೆ ಒಂದಿಷ್ಟು ಸಿಲಿಕೋನ್ ಬಳಿದಿದ್ದರೆ ಆ ಬಾಕ್ಸ್ ಉಳಿಯುತ್ತಿತ್ತು.

ಇನ್ನೊಂದು ದಾರಿ ಗ್ರಾನೈಟ್ ಅಂಚಿನದ್ದು. ಪಾತ್ರೆ ತೊಳೆಯುವಾಗ ಕಟ್ಟೆಯಿಂದ ಇಳಿದ ನೀರು ಕಲ್ಲಿನ ಅಡಿಭಾಗಕ್ಕೆ ಅಂಟಿಕೊಂಡು ಒಳಗೆ ಸರಿದು ಶಟರ್ ತಲೆಯ ಮೇಲೆ ಬೀಳುತ್ತದೆ. ಕಲ್ಲಿನವರು ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಕೊರೆದುಕೊಟ್ಟರೆ ನೀರು ಅಲ್ಲೇ ತಡೆದು ನೆಲಕ್ಕೆ ಬೀಳುತ್ತದೆ. ಕಲ್ಲು ಕೂರಿಸುವ ಮೊದಲು ಇದನ್ನು ಹೇಳಬೇಕು, ಆಮೇಲೆ ಹೇಳಿ ಪ್ರಯೋಜನ ಇಲ್ಲ. ಮೂರನೆಯದು ನೆಲ ಒರೆಸುವ ನೀರು. ಬಾಕ್ಸ್‌ಗಳು ನೆಲ ಮುಟ್ಟದ ಹಾಗೆ ನಾಲ್ಕು ಇಂಚಿನ ಪ್ಲಾಸ್ಟಿಕ್ ಕಾಲಿನ ಮೇಲೆ ನಿಲ್ಲಬೇಕು. ಆ ಕಾಲುಗಳನ್ನು ಮುಚ್ಚುವ ಮುಂದಿನ ಸ್ಕರ್ಟಿಂಗ್ ಪಟ್ಟಿ ಪಿವಿಸಿ ಅಥವಾ ಅಲ್ಯೂಮಿನಿಯಂ ಆಗಿರಬೇಕು, ಪ್ಲೈ ಬೇಡ. ಗೆದ್ದಲು ಹತ್ತಿದರೂ ಆ ಕಾಲುಗಳ ಹತ್ತಿರ ಬೇಗ ಕಣ್ಣಿಗೆ ಬೀಳುತ್ತದೆ.

ಈಗ ಹಲಗೆಯ ವಿಷಯ. ಇದರಲ್ಲಿ ಸುಳ್ಳು ಜಾಸ್ತಿ ಓಡಾಡುತ್ತದೆ. ‘ಮರೀನ್ ಪ್ಲೈ ಹಾಕ್ತೀವಿ ಮೇಡಂ, ನೀರಲ್ಲಿ ಮುಳುಗಿಸಿದ್ರೂ ಏನೂ ಆಗಲ್ಲ’ ಅಂತ ನಿಮಗೆ ಈಗಾಗಲೇ ಹೇಳಿರುತ್ತಾರೆ. ಐಎಸ್ 710 ಅನ್ನೋದು ಮರೀನ್ ಪ್ಲೈನ ಭಾರತೀಯ ಮಾನದಂಡ. ಅದರ ಪರೀಕ್ಷೆಯಲ್ಲಿ ಪ್ಲೈ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರಗಳ ನಡುವಿನ ಅಂಟು ಬಿಡಬಾರದು. ಗಮನಿಸಿ, ಅದು ಅಂಟಿನ ಪರೀಕ್ಷೆ. ಮರ ನೀರು ಕುಡಿಯೋದು ನಿಲ್ಲುತ್ತದೆ ಅಂತ ಅದರ ಅರ್ಥ ಅಲ್ಲ. ಅಂಚು ಮುಚ್ಚದೇ ಬಿಟ್ಟರೆ ಒಳ್ಳೆ ಮರೀನ್ ಪ್ಲೈ ಕೂಡ ಕಪ್ಪಾಗುತ್ತದೆ. ಅಂಚು ಚೆನ್ನಾಗಿ ಮುಚ್ಚಿದರೆ ಸಾಮಾನ್ಯ ಪ್ಲೈನ ಮಾನದಂಡವಾದ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ಪ್ಲೈ ಕೂಡ ಸಿಂಕ್‌ನಿಂದ ದೂರದ ಜಾಗದಲ್ಲಿ ಬಹಳ ವರ್ಷ ಬಾಳುತ್ತದೆ. ಅದೇ ಐಎಸ್ 303ರಲ್ಲಿ ಎಂಆರ್ (ತೇವ ತಡೆಯುವ) ಅಂತ ಇನ್ನೊಂದು ಗ್ರೇಡ್ ಇದೆ. ಅದು ಮಂಚ, ವಾರ್ಡ್‌ರೋಬ್‌ಗೆ ಸರಿ, ಅಡುಗೆಮನೆಗೆ ಬೇಡ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಂತೂ ನಿಮ್ಮ ಊರಿಗೆ, ಅದೂ ಕಟ್ಟೆ ಕೆಳಗೆ, ಬೇಡವೇ ಬೇಡ. ಒಮ್ಮೆ ನೀರು ಕುಡಿದು ಉಬ್ಬಿದರೆ ಅದು ಮತ್ತೆ ಮೊದಲಿನ ಹಾಗೆ ಆಗೋದಿಲ್ಲ. ಸ್ಕ್ರೂ ಹಿಡಿತವೂ ಹೋಗುತ್ತದೆ, ಶಟರ್ ಜೋತುಬೀಳುತ್ತದೆ. ಎಚ್‌ಡಿಎಚ್‌ಎಂಆರ್ (ಮರದ ನಾರನ್ನು ಗಟ್ಟಿಯಾಗಿ ಒತ್ತಿದ, ತೇವ ತಡೆಯುವ) ಹಲಗೆ ಮೇಲಿನ ಕ್ಯಾಬಿನೆಟ್‌ಗೆ, ಶಟರ್‌ಗೆ ಒಳ್ಳೆಯದೇ. ಸಿಂಕ್ ಕೆಳಗೆ ಮಾತ್ರ ನಾನು ಮರೀನ್ ಪ್ಲೈ ಹಾಕಿಸುತ್ತೇನೆ, ಇಲ್ಲ ಅಂದರೆ ಅಲ್ಲಿ ಬಾಕ್ಸೇ ಬೇಡ, ಬರೀ ಶಟರ್ ಸಾಕು ಅಂತೀನಿ.

ಹೇಳಿದ ಪ್ಲೈಯನ್ನೇ ಹಾಕಿದ್ದಾರೆ ಅಂತ ನೋಡಿಕೊಳ್ಳೋದು ಹೇಗೆ? ಹಲಗೆಯ ಮೈಮೇಲೆ ಐಎಸ್‌ಐ ಗುರುತು, ಐಎಸ್ ಸಂಖ್ಯೆ, ಜೊತೆಗೆ ‘ಸಿಎಂ/ಎಲ್’ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಅಚ್ಚಾಗಿರುತ್ತದೆ. ಲ್ಯಾಮಿನೇಟ್ ಅಂಟಿಸಿದ ಮೇಲೆ ಇದೆಲ್ಲ ಮುಚ್ಚಿಹೋಗುತ್ತದೆ. ಆದ್ದರಿಂದ ಲ್ಯಾಮಿನೇಟ್ ಅಂಟಿಸುವ ಮೊದಲು ನನಗೆ ಹಲಗೆ ತೋರಿಸಬೇಕು ಅಂತ ಒಪ್ಪಂದದಲ್ಲೇ ಬರೆಸಿ. ಆ ದಿನ ಹೋಗಿ ಫೋಟೊ ತೆಗೆದುಕೊಳ್ಳಿ. ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಯಾರ ಹೆಸರಲ್ಲಿದೆ, ಯಾವ ವಸ್ತುವಿಗೆ ಅಂತ ಬರುತ್ತದೆ. ಬರೀ ‘710 ಗ್ರೇಡ್’ ಅಂತ ಅಚ್ಚು ಹಾಕಿ ಐಎಸ್‌ಐ ಗುರುತೇ ಇಲ್ಲದ ಹಲಗೆಯೂ ಮಾರುಕಟ್ಟೆಯಲ್ಲಿ ಸಿಗುತ್ತದೆ, ಹುಷಾರು.

ಬಾಸ್ಕೆಟ್‌ಗೆ ಆಯಸ್ಕಾಂತ ಹಿಡಿದು ‘ನೋಡಿ, ಅಂಟಲ್ಲ, ಇದು 304 ಸ್ಟೀಲ್’ ಅಂತ ತೋರಿಸುವವರೂ ಇದ್ದಾರೆ. ಆ ಪರೀಕ್ಷೆಯಿಂದ ಏನೂ ಗೊತ್ತಾಗೋದಿಲ್ಲ. ಕಡಿಮೆ ಬೆಲೆಯ 202 ಸ್ಟೀಲ್‌ಗೂ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. 304ರಲ್ಲಿ ನಿಕ್ಕಲ್ ಸುಮಾರು ಶೇ. 8ರಷ್ಟಿರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ. ಉಪ್ಪು, ಹುಣಸೆಹುಳಿ, ತೇವ ಇರುವ ಕಡೆ 202 ಬೇಗ ತುಕ್ಕಿನ ಚುಕ್ಕೆ ಬಿಡುತ್ತದೆ. ಸ್ಟೀಲ್ ಅಂಗಡಿಗಳಲ್ಲಿ ಮ್ಯಾಂಗನೀಸ್ ತೋರಿಸುವ ಒಂದು ದ್ರಾವಣ ಇರುತ್ತದೆ. ಒಂದು ಹನಿ ಹಾಕಿ ಬಣ್ಣ ನೋಡಿದರೆ ಗೊತ್ತಾಗುತ್ತದೆ. ಅಷ್ಟೆಲ್ಲ ಬೇಡ ಅಂದರೆ ಬಿಲ್‌ನಲ್ಲಿ ‘ಎಸ್‌ಎಸ್ 304’ ಅಂತ ಬರೆಸಿ.

ಈಗ ನಿಮ್ಮ ಮೂವರಿಗೆ ಬರೋಣ.

ಆಚಾರ್ರ ದೊಡ್ಡ ಬಲ ಏನು ಅಂದರೆ ಪ್ಲೈ, ಹಿಂಜ್ ಎಲ್ಲ ನೀವೇ ಅಂಗಡಿಗೆ ಹೋಗಿ ಬಿಲ್ ಸಮೇತ ತರಬಹುದು. ಕೈ ಸೇರುವ ಸಾಮಾನಿನ ಬಗ್ಗೆ ಅನುಮಾನವೇ ಇರೋದಿಲ್ಲ. ಒಮ್ಮೆಗೇ ದೊಡ್ಡ ಅಡ್ವಾನ್ಸ್ ಕೊಡುವ ಪ್ರಮೇಯವೂ ಇಲ್ಲ. ತೊಂದರೆ ಅಂಚಿನಲ್ಲಿ. ಮನೆಯಲ್ಲೇ ಕೂತು ಮಾಡುವಾಗ ಲ್ಯಾಮಿನೇಟನ್ನು ಫೆವಿಕಾಲ್ ಹಚ್ಚಿ ಕೈಯಲ್ಲಿ ಒತ್ತಿ ಕೂರಿಸುತ್ತಾರೆ, ಹಲಗೆಯ ಅಂಚು ಮುಚ್ಚುವ ಎಡ್ಜ್ ಪಟ್ಟಿಯನ್ನೂ ಕೈಯಲ್ಲೇ ಅಂಟಿಸುತ್ತಾರೆ. ಮೆಷಿನ್‌ನಲ್ಲಿ ಬಿಸಿ ಅಂಟು ಹಾಕಿ ಒತ್ತಿದ ಪಟ್ಟಿಯ ಹಿಡಿತ ಅದಕ್ಕೆ ಬರೋದು ಕಷ್ಟ. ಮೇಲೆ ಹೇಳಿದ ಹಾಗೆ ನೀರು ನುಗ್ಗೋದೇ ಅಂಚಿನಲ್ಲಿ, ಅಲ್ವಾ? ಕಿಟಕಿ, ಬಾಗಿಲು ಚೆನ್ನಾಗಿ ಮಾಡಿದವರು ಡ್ರಾಯರ್ ಚಾನೆಲ್ ಕೂಡ ಅಷ್ಟೇ ಚೆನ್ನಾಗಿ ಕೂರಿಸುತ್ತಾರೆ ಅಂತ ಹೇಳೋಕೂ ಬರೋದಿಲ್ಲ. ಒಂದು ಎಂಎಂ ಓರೆಯಾದರೂ ಡ್ರಾಯರ್ ಸಿಕ್ಕಿಕೊಳ್ಳುತ್ತದೆ.

ಆದರೆ ಆಚಾರ್ರು ಮತ್ತು ಅತ್ತೆಯ ಮಾತು ಸೇರಿಸಿದರೆ ಒಂದು ಒಳ್ಳೆ ದಾರಿ ಇದೆ. ಕಡಪ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಗ್ರಾನೈಟ್ ಕೂರಿಸಿ, ಎದುರಿಗೆ ಫ್ರೇಮ್ ಮತ್ತು ಶಟರ್ ಮಾತ್ರ ಹಾಕೋದು. ಒಳಗೆ ಮರವೇ ಇಲ್ಲದ ಮೇಲೆ ಉಬ್ಬೋ ಮಾತೇ ಇಲ್ಲ. ಗ್ರೈಂಡರ್, ದೊಡ್ಡ ಇಡ್ಲಿ ಪಾತ್ರೆ, ಅಕ್ಕಿ ಡಬ್ಬದ ಭಾರ ಕಲ್ಲು ಸಲೀಸಾಗಿ ತಡೆಯುತ್ತದೆ. ಕಷ್ಟ ಇರೋದು ಡ್ರಾಯರ್ ಜಾಸ್ತಿ ಬೇಕು ಅಂದಾಗ. ಕಲ್ಲಿನ ಖಾನೆಗಳು ಒಂದೇ ಅಳತೆಗೆ ಬರೋದಿಲ್ಲ. ರೆಡಿ ಬಾಸ್ಕೆಟ್ ಕೂರದೆ, ಒಳಗೆ ಮತ್ತೆ ಪ್ಲೈ ಬಾಕ್ಸ್ ಮಾಡಿಸಬೇಕಾಗುತ್ತದೆ. ಅತ್ತೆಗೆ ಬಗ್ಗೋಕೆ ಕಷ್ಟ ಇದ್ದರೆ ಡ್ರಾಯರ್ ದೊಡ್ಡ ಅನುಕೂಲ, ಅದನ್ನೂ ಯೋಚಿಸಿ. ನೀವು ಇನ್ನೂ ಟೈಲ್ಸ್ ಹಾಕದೇ ಇರೋದರಿಂದ ಈ ದಾರಿ ನಿಮಗೆ ಪೂರ್ತಿ ತೆರೆದಿದೆ.

ಬೆಂಗಳೂರಿನ ಕಂಪನಿ ವಿಷಯದಲ್ಲಿ ಮೂರು ಮಾತು ಕೇಳಿ. ಮೊದಲನೆಯದು ವಾರಂಟಿ. ಸಾಮಾನ್ಯವಾಗಿ ‘10 ವರ್ಷ’ ಅನ್ನೋದು ಹಲಗೆಗೆ ಮಾತ್ರ ಇರುತ್ತದೆ. ಹಿಂಜ್, ಚಾನೆಲ್‌ಗೆ ಬೇರೆ ಅವಧಿ. ನೀರು ತಾಗಿ ಹಾಳಾದದ್ದನ್ನು ಎಷ್ಟೋ ವಾರಂಟಿಗಳು ಹೊರಗಿಟ್ಟಿರುತ್ತವೆ. ಅಡುಗೆಮನೆ ಹಾಳಾಗೋದೇ ನೀರಿನಿಂದ ಆದಾಗ ಆ ವಾರಂಟಿಯಲ್ಲಿ ಉಳಿಯೋದೇನು? ವಾರಂಟಿ ಕಾಗದವನ್ನು ಅಡ್ವಾನ್ಸ್‌ಗೆ ಮೊದಲೇ ತರಿಸಿ, ಏನೇನು ಸೇರಿಲ್ಲ ಅನ್ನೋ ಭಾಗವನ್ನೇ ಮೊದಲು ಓದಿ. ಎರಡನೆಯದು, ಬಿಲ್ ಯಾರ ಹೆಸರಲ್ಲಿ ಬರುತ್ತದೆ? ಬೋರ್ಡ್ ಕಂಪನಿಯದ್ದು ಇದ್ದರೂ ಎಷ್ಟೋ ಕಡೆ ವ್ಯಾಪಾರ ಫ್ರಾಂಚೈಸಿಯವರದ್ದು. ಅವರು ಬಿಟ್ಟುಹೋದರೆ ವಾರಂಟಿಗೆ ಕಂಪನಿ ಹೊಣೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಮೂರನೆಯದು, ಶಿವಮೊಗ್ಗದಲ್ಲಿ ಅವರ ಸರ್ವಿಸ್‌ನವರು ಇದ್ದಾರಾ? ಸುಮಾರು 300 ಕಿಲೋಮೀಟರ್ ದೂರದಿಂದ ಒಂದು ಹಿಂಜ್ ಬಿಗಿಮಾಡೋಕೆ ಯಾರು ಬರುತ್ತಾರೆ? ಫ್ಯಾಕ್ಟರಿ ಕೆಲಸ ಅಚ್ಚುಕಟ್ಟು ಅನ್ನೋದರಲ್ಲಿ ಅನುಮಾನ ಇಲ್ಲ. ಬಣ್ಣ, ಅಳತೆ, ಅಂಚು ಎಲ್ಲ ನೀಟಾಗಿರುತ್ತದೆ. ಆದರೆ ಆ ನೀಟು ಬರೋದು ಮೆಷಿನ್‌ನಿಂದ. ಅಂಥದೇ ಮೆಷಿನ್ ಈಗ ನಿಮ್ಮ ಊರಲ್ಲೂ ಇದೆ.

‘ಈ ತಿಂಗಳೊಳಗೆ ಕೊಟ್ಟರೆ 40 ಸಾವಿರ ಕಡಿಮೆ’ ಅನ್ನೋದಕ್ಕೆ ಬೆಲೆ ಕೊಡಬೇಡಿ. ಇಂಥ ರಿಯಾಯಿತಿ ಮುಂದಿನ ತಿಂಗಳೂ ಬರುತ್ತದೆ. ಟೈಲ್ಸ್, ಗ್ರಾನೈಟ್ ಮುಗಿಯದೇ ಕೊನೆಯ ಅಳತೆ ತೆಗೆಯೋಕೆ ಆಗೋದಿಲ್ಲ. ಹಾಗಿದ್ದ ಮೇಲೆ ನಿಮ್ಮ ದುಡ್ಡು ತಿಂಗಳುಗಟ್ಟಲೆ ಅವರ ಹತ್ತಿರ ಯಾಕೆ ಇರಬೇಕು?

ನಿಮ್ಮ ಜಾಗದಲ್ಲಿ ನಾನಿದ್ದರೆ ಊರಿನ ವರ್ಕ್‌ಶಾಪ್‌ಗೆ ಕೊಡುತ್ತಿದ್ದೆ. ಆದರೆ ಷರತ್ತಿನ ಮೇಲೆ. ಅವರು ಮಾಡಿಕೊಟ್ಟು ಕನಿಷ್ಠ ಮೂರು ಮಳೆಗಾಲ ಕಳೆದಿರುವ ಎರಡು ಅಡುಗೆಮನೆ ತೋರಿಸಬೇಕು. ಶೋರೂಮ್ ನೋಡಿ ನಿರ್ಧಾರ ಮಾಡಬೇಡಿ, ಅಲ್ಲಿ ಯಾರೂ ಸಾರು ಕುದಿಸೋದಿಲ್ಲ, ಪಾತ್ರೆ ತೊಳೆಯೋದಿಲ್ಲ. ಆ ಮನೆಗೆ ಹೋದಾಗ ಮೊದಲು ಸಿಂಕ್ ಕೆಳಗಿನ ಬಾಗಿಲು ತೆಗೆಯಿರಿ. ಮುಗ್ಗಲು ವಾಸನೆ ಬರುತ್ತಾ ನೋಡಿ. ತಳದ ಹಲಗೆಯನ್ನು ಹೆಬ್ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ಒಳಗೆ ನೀರು ಸೇರಿದೆ. ಶಟರ್ ಕೆಳಗಿನ ಅಂಚಿಗೆ ಉಗುರು ತಾಗಿಸಿ, ಪಟ್ಟಿ ಏಳುತ್ತಾ ನೋಡಿ. ಸಾಮಾನು ತುಂಬಿದ ಡ್ರಾಯರನ್ನು ಪೂರ್ತಿ ಎಳೆದು ಬಿಡಿ. ಕೊನೆಗೆ ಮನೆಯವರನ್ನು ಒಂದೇ ಪ್ರಶ್ನೆ ಕೇಳಿ: ಏನಾದರೂ ಕೆಟ್ಟಾಗ ಫೋನ್ ಮಾಡಿದರೆ ಎಷ್ಟು ದಿನಕ್ಕೆ ಬಂದರು? ಸಾಮಾನು ಯಾರದ್ದಾದರೂ ಒಂದಲ್ಲ ಒಂದು ದಿನ ಕೆಡುತ್ತದೆ. ಆಗ ಬರುವವರನ್ನು ನೀವು ಹುಡುಕುತ್ತಿರೋದು.

ದುಡ್ಡಿನ ವಿಷಯ. ಅಂಗಡಿ ಮುಚ್ಚೋದನ್ನು ನೀವು ತಡೆಯೋಕೆ ಆಗೋದಿಲ್ಲ. ಮುಚ್ಚಿದರೆ ನಿಮ್ಮ ಎಷ್ಟು ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ ಅನ್ನೋದು ಮಾತ್ರ ನಿಮ್ಮ ಕೈಯಲ್ಲಿದೆ. ಡ್ರಾಯಿಂಗ್‌ಗೆ ಶೇ. 10. ಹಲಗೆ ವರ್ಕ್‌ಶಾಪ್‌ಗೆ ಬಂದು ನೀವು ಕಣ್ಣಾರೆ ನೋಡಿದ ಮೇಲೆ ಶೇ. 40. ಬಾಕ್ಸ್‌ಗಳು ನಿಮ್ಮ ಮನೆ ಬಾಗಿಲಿಗೆ ಬಂದಾಗ ಶೇ. 40. ಫಿಟ್ಟಿಂಗ್ ಆಗಿ ಎರಡು ವಾರ ಅಡುಗೆ ಮಾಡಿದ ಮೇಲೆ ಉಳಿದದ್ದು. ಊರಿನವರು ಇದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ. ದೊಡ್ಡ ಕಂಪನಿಗಳಲ್ಲಿ ಹಲವು ಸಾಮಾನು ಹೊರಡುವ ಮೊದಲೇ ಪೂರ್ತಿ ದುಡ್ಡು ಕೇಳುತ್ತವೆ. ಇಎಂಐ ಮಾಡಿಕೊಂಡರೆ ಇನ್ನೊಂದು ತೊಡಕಿದೆ. ಸಾಲ ಕೊಡೋದು ಬೇರೆ ಫೈನಾನ್ಸ್ ಸಂಸ್ಥೆ. ಅಡುಗೆಮನೆ ಬರದೇ ಇದ್ದರೂ ಅವರು ಕಂತು ಕೇಳುತ್ತಾರೆ.

ಅಡ್ವಾನ್ಸ್ ಕೊಡುವ ಮೊದಲು ಅವರ ಜಿಎಸ್‌ಟಿ ನಂಬರ್ ಇಸ್ಕೊಳ್ಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ನೋಂದಣಿ ಯಾವಾಗ ಆಯಿತು, ಯಾರ ಹೆಸರಲ್ಲಿ, ಈಗ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ‘ಬಿಲ್ ಇಲ್ಲದೆ ಮಾಡಿಕೊಡ್ತೀವಿ, ಶೇ. 18 ಉಳಿಯುತ್ತೆ’ ಅಂದರೆ ಒಪ್ಪಬೇಡಿ. ಮುಂದೆ ಜಗಳ ಆದರೆ ನಿಮಗೆ ಆಸರೆ ಆ ಬಿಲ್ ಮತ್ತು ಬ್ಯಾಂಕ್ ಮೂಲಕ ಕೊಟ್ಟ ದುಡ್ಡಿನ ದಾಖಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಗಡಿ ಬೆಂಗಳೂರಿನದ್ದಾದರೂ ದೂರನ್ನು ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ದೂರು ಕೊಡೋಕೆ ಎರಡು ವರ್ಷ ಕಾಲಾವಕಾಶ. ಮೊದಲ ಹೆಜ್ಜೆಯಾಗಿ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ನಿಮ್ಮ ಸಂಬಂಧಿಕರಿಗೂ ಇದನ್ನು ಹೇಳಿ. ಎರಡು ವರ್ಷ ದಾಟಿಲ್ಲ ಅಂದರೆ ಅವರಿಗೂ ದಾರಿ ಇದೆ.

ಇವೆಲ್ಲಕ್ಕಿಂತ ತುರ್ತಿನ ಕೆಲಸ ಒಂದಿದೆ. ಟೈಲ್ಸ್ ಹಾಕೋಕೆ ಮೊದಲು ಡ್ರಾಯಿಂಗ್ ಮಾಡಿಸಿ. ಮಿಕ್ಸಿ, ಗ್ರೈಂಡರ್, ಫ್ರಿಜ್, ವಾಟರ್ ಫಿಲ್ಟರ್ ಎಲ್ಲಿ ಬರುತ್ತವೆ ಅಂತ ಈಗಲೇ ಗೊತ್ತಾಗಬೇಕು. ಓವನ್‌ಗೆ 16 ಆಂಪಿಯರ್ ಪಾಯಿಂಟ್ ಬೇಕು. ಚಿಮಣಿ ಪೈಪ್ ಹೊರಹೋಗಲು ಗೋಡೆಯಲ್ಲಿ ತೂತು ಬೇಕು. ಸಿಂಕ್ ಪೈಪ್ ಗೋಡೆಯಿಂದ ಬಂದರೆ ಬಾಕ್ಸ್‌ನ ತಳಕ್ಕೆ ತೂತು ಕೊರೆಯುವ ಕೆಲಸವೇ ತಪ್ಪುತ್ತದೆ. ಕೆಲಸ ಯಾರಿಗೆ ಕೊಟ್ಟರೂ ಸರಿ, ಈ ಡ್ರಾಯಿಂಗ್‌ಗೆ ಬೇರೆ ದುಡ್ಡು ಕೊಟ್ಟಾದರೂ ಮಾಡಿಸಿ ಇಟ್ಟುಕೊಳ್ಳಿ. ಆಮೇಲೆ ಟೈಲ್ಸ್ ಒಡೆಸೋದು ತಪ್ಪುತ್ತದೆ.

ಸಿಲಿಂಡರ್ ಬಗ್ಗೆ ಕೇಳಿದ್ದೀರಿ. ಮನೆ ಹೊರಗೆ ಮಳೆ, ಬಿಸಿಲು ತಾಗದ, ಗಾಳಿ ಆಡುವ ಜಾಗ ಇದ್ದರೆ ಅಲ್ಲಿಟ್ಟು ಪೈಪ್ ಎಳೆಸೋದು ಒಳ್ಳೆಯದು. ಗೋಡೆ ಒಳಗಿಂದ ಬರುವ ಭಾಗಕ್ಕೆ ತಾಮ್ರದ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಆಗಬೇಕು, ರಬ್ಬರ್ ಬೇಡ. ಇದಕ್ಕೂ ತೂತು ಈಗಲೇ ಬಿಡಿಸಬೇಕು. ಕಟ್ಟೆ ಕೆಳಗೇ ಇಡೋದಾದರೆ ಮುಚ್ಚಿದ ಶಟರ್ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಆದ್ದರಿಂದ ಕೆಳಭಾಗದಲ್ಲಿ ಜಾಲರಿ ಇರುವ ಶಟರ್ ಹಾಕಿಸಿ, ಆ ಖಾನೆಗೆ ಪ್ಲೈ ತಳ ಬೇಡ, ಸಿಲಿಂಡರ್ ನೇರ ನೆಲದ ಮೇಲೆ ನಿಲ್ಲಲಿ. ಅದೇ ಖಾನೆಯಲ್ಲಿ ಪ್ಲಗ್ ಪಾಯಿಂಟ್ ಯಾವುದೂ ಬರಬಾರದು. ರೆಗ್ಯುಲೇಟರ್ ನಾಬ್‌ಗೆ ಬಗ್ಗದೇ ಕೈ ಎಟುಕಬೇಕು. ಗ್ಯಾಸ್ ಏಜೆನ್ಸಿಯ ಸುರಕ್ಷಾ ಪೈಪನ್ನು ಅದರ ಮೇಲೆ ಅಚ್ಚಾಗಿರುವ ತಾರೀಖು ನೋಡಿ ಐದು ವರ್ಷದೊಳಗೆ ಬದಲಾಯಿಸಿ.